ನಾಯಿ ಕ್ಯಾಮೆರಾ ನೋಡಲೇಬೇಕೆ?

ಸಾಕಿದವರ ಜೊತೆ ನಾಯಿಯ ಫೋಟೊ ಎಂದರೆ ಹೆಚ್ಚಿನವರ ಮನಸ್ಸಿನಲ್ಲಿ ಮೂಡುವುದು ಒಂದೇ ಚಿತ್ರ: ಚೆನ್ನಾದ ಬಿಸಿಲು, ನಾಯಿಯ ಕುತ್ತಿಗೆಗೆ ಕೈ ಬಳಸಿ ತಬ್ಬಿಕೊಂಡ ಮನುಷ್ಯ, ಇಬ್ಬರ ಕಣ್ಣೂ ನೇರ ಕ್ಯಾಮೆರಾದ ಕಡೆಗೆ. ಅದು ಸಿಗದಿದ್ದರೆ ನಾಯಿ ಮಾತು ಕೇಳಲಿಲ್ಲ, ಫೋನು ಹಳೆಯದಾಯಿತು ಎಂದುಕೊಳ್ಳುತ್ತೇವೆ. ತೊಡಕಿರುವುದು ಬೇರೆಡೆ. ಮನುಷ್ಯರ ಭಾವಚಿತ್ರಕ್ಕೆ ರೂಢಿಯಾದ ಕಟ್ಟಳೆಗಳನ್ನೇ ನಾಯಿಯ ಮೇಲೂ ಹೇರುತ್ತೇವೆ. ಅದರ ಎತ್ತರ, ಮೂತಿಯ ಉದ್ದ, ಮೈಬಣ್ಣ, ಬಿಸಿಲು ತಾಳುವ ಶಕ್ತಿ ಯಾವುದೂ ನಮ್ಮಂತಿಲ್ಲ. ಹೊತ್ತು, ಜಾಗ, ಕೂರುವ ಬಗೆ ಎಲ್ಲವನ್ನೂ ಮೊದಲು ನಾಯಿಗೆ ಹೊಂದಿಸಿ, ಆಮೇಲೆ ಮನುಷ್ಯರಿಗೆ ಹೊಂದಿಸಿಕೊಂಡರೆ ಸಾಧಾರಣ ಫೋನಿನಲ್ಲೂ ಒಳ್ಳೆಯ ಚಿತ್ರ ಬರುತ್ತದೆ.

ತಬ್ಬಿಕೊಂಡರೆ ಪ್ರೀತಿ ಎದ್ದು ಕಾಣುತ್ತದೆ ಎಂಬ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾದದ್ದು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಸ್ಟ್ಯಾನ್ಲಿ ಕೋರೆನ್ 2016ರಲ್ಲಿ, ಜನ ನಾಯಿಗಳನ್ನು ತಬ್ಬಿಕೊಂಡಿರುವ 250 ಫೋಟೊಗಳನ್ನು ಅಂತರ್ಜಾಲದಿಂದ ಆರಿಸಿ ಪರಿಶೀಲಿಸಿದರು. ಶೇಕಡಾ 80ಕ್ಕೂ ಹೆಚ್ಚು ಚಿತ್ರಗಳಲ್ಲಿ ನಾಯಿಯ ಮುಸುಡಿಯಲ್ಲಿ ಕಿರಿಕಿರಿಯ ಗುರುತು ಒಂದಾದರೂ ಇತ್ತು: ಕಿವಿ ಹಿಂದಕ್ಕೆ ಒತ್ತಿಕೊಂಡಿರುವುದು, ಕಣ್ಣಿನ ಬಿಳಿ ಅರ್ಧಚಂದ್ರದಂತೆ ಕಾಣುವುದು, ಮುಖ ಆಚೆ ತಿರುಗಿಸುವುದು, ತುಟಿ ನೆಕ್ಕಿಕೊಳ್ಳುವುದು. ಇದು ಅಂಕಣದಲ್ಲಿ ಪ್ರಕಟವಾದ ಅವಲೋಕನವೇ ಹೊರತು ತಜ್ಞರ ಪರಾಮರ್ಶೆಗೆ ಒಳಪಟ್ಟ ಅಧ್ಯಯನವಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಕಿರಿಕಿರಿ ತಬ್ಬಿದ್ದರಿಂದಲೋ ಎದುರಿಗೆ ಹಿಡಿದ ಕ್ಯಾಮೆರಾದಿಂದಲೋ ಎಂದು ಒಂದು ನಿಶ್ಚಲ ಚಿತ್ರದಿಂದ ತೀರ್ಮಾನಿಸಲಾಗದು ಎನ್ನುವುದನ್ನೂ ಒಪ್ಪಬೇಕು. ಆದರೆ ಫೋಟೊ ತೆಗೆಯುವವರಿಗೆ ಆ ವಾದ ನೆರವಾಗುವುದಿಲ್ಲ. ಕಾರಣ ಯಾವುದಾದರೂ ಸರಿ, ಒತ್ತಿಕೊಂಡ ಕಿವಿ, ತಪ್ಪಿಸಿಕೊಳ್ಳಲು ಹವಣಿಸುವ ಕಣ್ಣು ಚಿತ್ರದಲ್ಲಿ ಹಾಗೇ ಉಳಿದುಬಿಡುತ್ತವೆ.

ಹಾಗಾದರೆ ಅಕ್ಕರೆಯನ್ನು ತೋರಿಸುವುದು ಹೇಗೆ? ಜಪಾನಿನ ಮಿಹೊ ನಾಗಸಾವಾ ಮತ್ತು ಸಂಗಡಿಗರು 2015ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ದಾರಿ ತೋರುತ್ತದೆ. ನಾಯಿ ಮತ್ತು ಸಾಕಿದವರು ಒಬ್ಬರನ್ನೊಬ್ಬರು ಹೆಚ್ಚು ಹೊತ್ತು ನೋಡಿದಾಗ ಇಬ್ಬರಲ್ಲೂ ಬಾಂಧವ್ಯದ ಹಾರ್ಮೋನ್ ಎನ್ನಲಾಗುವ ಆಕ್ಸಿಟೋಸಿನ್ ಮಟ್ಟ ಏರಿದ್ದು ಅದರಲ್ಲಿ ಕಂಡುಬಂತು. ಮನುಷ್ಯರೇ ಸಾಕಿ ಬೆಳೆಸಿದ ತೋಳಗಳಲ್ಲಿ ಹಾಗಾಗಲಿಲ್ಲ. ಅಂದರೆ ನಾಯಿಯ ಒಲವು ಸಹಜವಾಗಿ ಹರಿಯುವುದು ತನ್ನವರ ಮುಖದತ್ತ, ಕ್ಯಾಮೆರಾದತ್ತ ಅಲ್ಲ. ಮನುಷ್ಯ ನೆಲದ ಮೇಲೆ ಪಕ್ಕಕ್ಕೆ ಕೂತು, ಕೈಯನ್ನು ನಾಯಿಯ ಎದೆಯ ಬದಿಗೆ ಹಗುರವಾಗಿ ಇಟ್ಟು, ಮೆಲ್ಲಗೆ ಮಾತಾಡಿಸಿದರೆ ನಾಯಿ ತಾನಾಗಿ ಕತ್ತೆತ್ತಿ ನೋಡುತ್ತದೆ. ಆ ನೋಟವನ್ನು ಹಿಡಿಯಿರಿ. ನಾಯಿಯ ಎರಡೂ ಕಣ್ಣು ಕಾಣಬೇಕೆಂದು ಮನೆಯವರು ಬಯಸುತ್ತಾರಲ್ಲ ಎನ್ನಬಹುದು. ಆ ಬಯಕೆಯಲ್ಲಿ ತಪ್ಪಿಲ್ಲ. ಲೆನ್ಸಿನ ಪಕ್ಕದಲ್ಲಿ ತಿಂಡಿ ಹಿಡಿದು ಒಂದೆರಡು ಚಿತ್ರ ತೆಗೆಯಿರಿ, ಆದರೆ ಅದನ್ನೇ ಇಡೀ ಹೊತ್ತಿನ ಕೆಲಸ ಮಾಡಿಕೊಳ್ಳಬೇಡಿ. ಬಾಯಿ ತೆರೆದು ನಾಲಿಗೆ ಚಾಚಿದ್ದನ್ನೆಲ್ಲ ನಗು ಎಂದು ತಿಳಿಯುವುದೂ ಸಲ್ಲದು. ನಾಯಿ ಬೆವರುವುದು ಮುಖ್ಯವಾಗಿ ಪಾದದ ಅಡಿಯಲ್ಲಿ ಮಾತ್ರ. ಮೈಕಾವನ್ನು ಇಳಿಸಿಕೊಳ್ಳಲು ಅದು ತೇಕಲೇಬೇಕು. ನಾಲಿಗೆ ಅಗಲವಾಗಿ ಇಳಿಬಿದ್ದಿದ್ದರೆ ಫೋಟೊ ನಿಲ್ಲಿಸಿ ನೆರಳು, ನೀರು ಕೊಡಿ.

ಬಿಸಿಲು ಜೋರಾಗಿದ್ದಷ್ಟೂ ಚಿತ್ರ ಸ್ಪಷ್ಟ ಎಂಬ ನಂಬಿಕೆ ನಮ್ಮ ಅಕ್ಷಾಂಶದಲ್ಲಿ ಇನ್ನಷ್ಟು ಕೆಡುಕು ಮಾಡುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು ನಡುಹಗಲಿನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಅಂಥ ಬೆಳಕಿನಲ್ಲಿ ಮನುಷ್ಯನ ಕಣ್ಣುಗುಳಿ ಕಪ್ಪಾಗುತ್ತದೆ, ನಾಯಿಯ ಹಣೆ ಬೆಳಗಿ ಕಣ್ಣು ಕತ್ತಲಲ್ಲಿ ಉಳಿಯುತ್ತದೆ, ಕಾದ ಡಾಂಬರು ಅದರ ಪಾದ ಸುಡುತ್ತದೆ. ಅದಕ್ಕೇ ಸಂಜೆಯ ಹೊಂಬಿಸಿಲು ಲೇಸು ಎನ್ನುವುದು ನಿಜ. ಆದರೆ ಅದು ಒಂದು ಗಂಟೆ ಇರುತ್ತದೆ ಎಂದು ನಂಬಿ ನಿಧಾನ ಮಾಡಿದರೆ ಕೆಟ್ಟಿರಿ. ಸೂರ್ಯ ದಿಗಂತದಿಂದ ಆರು ಡಿಗ್ರಿ ಎತ್ತರದಲ್ಲಿದ್ದವನು ಮುಳುಗಲು, ಹಗಲಿರುಳು ಸಮನಾದ ದಿನಗಳಲ್ಲಿ, ಲಂಡನ್ನಿನಲ್ಲಿ ಸುಮಾರು 40 ನಿಮಿಷ ಬೇಕು. ಬೆಂಗಳೂರಿನಲ್ಲಿ ಸುಮಾರು 25 ಸಾಕು, ಇಲ್ಲಿ ಅವನು ಹೆಚ್ಚು ನೇರವಾಗಿ ಇಳಿಯುತ್ತಾನೆ. ಆ ಹೊತ್ತು ತಪ್ಪಿದರೂ ಚಿಂತೆಯಿಲ್ಲ. ದೊಡ್ಡ ಮಳೆಮರದ ನೆರಳಿನ ಅಂಚಿನಲ್ಲಿ, ಮುಖ ತೆರೆದ ಆಕಾಶದ ಕಡೆಗೆ ಇರುವಂತೆ ಕೂತರೆ ಬೆಳಕು ಮೃದುವಾಗಿ ಸಿಗುತ್ತದೆ. ಮರದ ನಟ್ಟನಡುವೆ ಬೇಡ: ಎಲೆಗಳ ಸಂದಿನ ಬಿಸಿಲಿನ ಚುಕ್ಕೆಗಳು ಇಬ್ಬರ ಮುಖದ ಮೇಲೂ ತೇಪೆ ಹಾಕುತ್ತವೆ, ಹಸಿರು ಛಾಯೆ ಮೈಬಣ್ಣ ಕೆಡಿಸುತ್ತದೆ. ಮೋಡ ಕವಿದ ದಿನವಂತೂ ಇಂಥ ಚಿತ್ರಕ್ಕೆ ಹೇಳಿ ಮಾಡಿಸಿದ್ದು.

ಕಪ್ಪು ನಾಯಿ ಫೋಟೊದಲ್ಲಿ ಚೆನ್ನಾಗಿ ಬರುವುದೇ ಇಲ್ಲ ಎಂಬ ಮಾತನ್ನು ನಂಬಬೇಡಿ. ಕ್ಯಾಮೆರಾದ ಬೆಳಕಿನ ಅಳತೆ ಎದುರಿನದೆಲ್ಲ ಸರಾಸರಿ ನಡುಬೂದು ಎಂಬ ಎಣಿಕೆಯ ಮೇಲೆ ನಡೆಯುತ್ತದೆ. ಚೌಕಟ್ಟಿನ ತುಂಬ ಕಪ್ಪು ಲ್ಯಾಬ್ರಡಾರ್ ಇದ್ದರೆ ಅದನ್ನು ಬೂದಿ ಬಣ್ಣಕ್ಕೆ ಏರಿಸುತ್ತದೆ, ಬಿಳಿ ಪೊಮೇರಿಯನ್ ಇದ್ದರೆ ಮಂಕಾಗಿಸುತ್ತದೆ. ಫೋನಿನಲ್ಲಿ ನಾಯಿಯ ಮುಖ ಮುಟ್ಟಿ, ಕಪ್ಪು ನಾಯಿಗೆ ಬೆಳಕನ್ನು ತುಸು ಕೆಳಕ್ಕೂ ಬಿಳಿಗೆ ತುಸು ಮೇಲಕ್ಕೂ ಎಳೆದರೆ ಸರಿಹೋಗುತ್ತದೆ. ಕಪ್ಪು ನಾಯಿಯ ಪಕ್ಕದಲ್ಲಿ ಅಚ್ಚ ಬಿಳಿ ಅಂಗಿ ತೊಟ್ಟು ಕೂರದಿರುವುದೂ ಒಳ್ಳೆಯದು.

ಹಿನ್ನೆಲೆ ಮಸುಕಾದಷ್ಟೂ ಚಿತ್ರಕ್ಕೆ ಬೆಲೆ ಎಂದು ದುಬಾರಿ ಲೆನ್ಸ್ ಕೊಳ್ಳುವವರಿದ್ದಾರೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 85 ಮಿಲಿಮೀಟರ್ ಲೆನ್ಸನ್ನು ಎಫ್ 1.8ಕ್ಕೆ ತೆರೆದು ಎರಡು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಉಳಿಯುವ ಆಳ ಬರೀ ಆರು ಸೆಂಟಿಮೀಟರ್ ಹತ್ತಿರ. ಮುಧೋಳ ನಾಯಿಯ ನೀಳ ಮೂತಿ ಎದುರಿಗಿದ್ದರೆ ಮೂಗು ಚೂಪಾಗಿ, ಕಣ್ಣು ಮಂಜಾಗಿ ಬರುತ್ತದೆ. ಒಂದು ಗೇಣು ಹಿಂದೆ ಕೂತ ಮನುಷ್ಯನ ಮುಖವಂತೂ ಹೋಯಿತೆಂದೇ ಲೆಕ್ಕ. ಎಫ್ 5.6ಕ್ಕೆ ಇಳಿಸಿದರೆ ಆ ಆಳ ಸುಮಾರು 18 ಸೆಂಟಿಮೀಟರ್ ಆಗುತ್ತದೆ. ಮಸುಕು ಬೇಕಿದ್ದರೆ ಇಬ್ಬರನ್ನೂ ಗೋಡೆ, ಪೊದೆಗಳಿಂದ ದೂರ ಕೂರಿಸಿ, ಇಬ್ಬರ ಕಣ್ಣುಗಳೂ ಕ್ಯಾಮೆರಾದಿಂದ ಒಂದೇ ದೂರದಲ್ಲಿ ಇರುವಂತೆ ನೋಡಿಕೊಳ್ಳಿ. ಫೋನಿನ ಪೋರ್ಟ್ರೇಟ್ ಮೋಡ್ ಮಸುಕನ್ನು ಲೆಕ್ಕ ಹಾಕಿ ಬಳಿಯುತ್ತದೆ; ಮೀಸೆ, ಕಿವಿಯ ಕೂದಲು ಅದರ ಲೆಕ್ಕಕ್ಕೆ ಸಿಗದೆ ಕತ್ತರಿಸಿ ಅಂಟಿಸಿದಂತೆ ಕಾಣುವುದುಂಟು.

ನಿಂತಲ್ಲಿಂದಲೇ ತೆಗೆದರೂ ನಡೆಯುತ್ತದೆ ಎನ್ನುವವರು ಛಾಯಾಗ್ರಾಹಕ ಎಲಿಯಟ್ ಅರ್ವಿಟ್ 1974ರಲ್ಲಿ ನ್ಯೂಯಾರ್ಕಿನಲ್ಲಿ ತೆಗೆದ ಚಿತ್ರವನ್ನು ಒಮ್ಮೆ ನೋಡಬೇಕು. ಟೋಪಿ ತೊಟ್ಟ ಪುಟಾಣಿ ಚಿವಾವಾ, ಪಕ್ಕದಲ್ಲಿ ಹೆಂಗಸಿನ ಬೂಟುಗಳು, ಇನ್ನೊಂದೆಡೆ ಭಾರಿ ಗ್ರೇಟ್ ಡೇನ್‌ನ ಕಾಲುಗಳು. ಕ್ಯಾಮೆರಾ ನೆಲಮಟ್ಟಕ್ಕೆ ಇಳಿದದ್ದರಿಂದಲೇ ಪುಟ್ಟ ನಾಯಿ ಅಲ್ಲಿ ನಾಯಕನಾಯಿತು. ಮಂಡಿ ಬಗ್ಗದವರು ಫೋನನ್ನು ತಲೆಕೆಳಗಾಗಿಸಿ ಹಿಡಿದರೆ ಲೆನ್ಸ್ ನೆಲದ ಹತ್ತಿರ ಬರುತ್ತದೆ. ಗಮನ ಸೆಳೆಯಲು ಹುಲ್ಲಿನ ಮೇಲೆ ಕೆಂಪು ಚೆಂಡು ಎಸೆಯುವುದು ವ್ಯರ್ಥ. ನಾಯಿಗೆ ಎಲ್ಲವೂ ಕಪ್ಪು ಬಿಳುಪಾಗಿ ಕಾಣುತ್ತದೆ ಎನ್ನುವುದು ತಪ್ಪು, ನೀಲಿ ಹಳದಿಗಳನ್ನು ಅದು ಬಲ್ಲದು. ಕೆಂಪು ಹಸಿರುಗಳನ್ನು ಬೇರ್ಪಡಿಸುವುದು ಮಾತ್ರ ಅದಕ್ಕೆ ಕಷ್ಟ. ನೀಲಿ ಚೆಂಡು ತನ್ನಿ.

ಚೈನು ಕಂಡರೆ ಚಿತ್ರ ಕೆಡುತ್ತದೆಂದು ರಸ್ತೆ ಬದಿಯಲ್ಲಿ, ಕೆರೆ ದಂಡೆಯಲ್ಲಿ ಅದನ್ನು ಬಿಚ್ಚುವವರಿಗೆ ಒಂದು ವಿನಂತಿ. ಚೈನನ್ನು ಆಮೇಲೆ ಫೋನಿನಲ್ಲೇ ಅಳಿಸಬಹುದು. ದಯವಿಟ್ಟು ಬಿಚ್ಚಬೇಡಿ.