ಗಾಜಿನ ಮನೆಯ ಹೂವೂ ನಮ್ಮ ಹಿತ್ತಿಲೂ

ಮನೆಯ ಹಿತ್ತಿಲಿನಲ್ಲಿ ನಾಲ್ಕು ಹೂಗಿಡಗಳಿಲ್ಲದಿದ್ದರೆ ಆ ಮನೆಗೆ ಲಕ್ಷಣವಿಲ್ಲವೆಂದು ನಮ್ಮ ಹಿರಿಯರು ಭಾವಿಸುತ್ತಿದ್ದರು. ದೇವರ ಪೂಜೆಗೂ ಹೆಣ್ಣುಮಕ್ಕಳ ಮುಡಿಗೂ ಅಂಗಡಿಯ ಹೂವನ್ನೇ ಕಾಯಬೇಕಾಗಿ ಬಂದುದು ಈಚಿನ ಮಾತು. ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಲ್ಲಿರುವ ನಮ್ಮ ಮನೆಗೂ ಈ ಅವಸ್ಥೆಯೇ ಒದಗಿದ್ದಿತು. ವರ್ಷವಿಡೀ ಹರಿಯುವ ಹೊಳೆಯೊಂದೂ ನಮ್ಮ ಜಿಲ್ಲೆಯಲ್ಲಿಲ್ಲವೆಂಬುದು ಓದುಗರಿಗೆ ತಿಳಿದೇ ಇದೆ. 2016ನೆಯ ಇಸವಿಯಲ್ಲಿ ಮಳೆ ಕೈಕೊಟ್ಟ ಮೇಲೆ ನಮ್ಮ ಕೊಳವೆಬಾವಿ ಬತ್ತಿತು. ತಾಯಿಯವರು ಇಪ್ಪತ್ತು ವರ್ಷ ಸಾಕಿದ್ದ ಜಾಜಿಯ ಚಪ್ಪರ ಒಣಗಿ ಕಡ್ಡಿಯಾಯಿತು. ಟ್ಯಾಂಕರಿನ ನೀರನ್ನು ಕ್ರಯಕ್ಕೆ ಕೊಂಡು ಬಿಂದಿಗೆಯ ಲೆಕ್ಕದಲ್ಲಿ ಬಳಸುವ ಮನೆಯಲ್ಲಿ ಹೂಗಿಡಕ್ಕೆ ನೀರೆರೆಯುವುದು ಅಪರಾಧವೆಂದೇ ನಮಗೆ ತೋರಿತು. ಆದುದರಿಂದ ಹಿತ್ತಿಲಿಗೆಲ್ಲ ಕಲ್ಲುಚಪ್ಪಡಿ ಹಾಸಿಬಿಡುವುದೆಂದು ನಿಶ್ಚಯಿಸಿ, ಮೇಸ್ತ್ರಿಗೆ ಮುಂಗಡವನ್ನೂ ಕೊಟ್ಟೆವು. ತಾಯಿಯವರು ಬೇಡವೆನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ.

ಹೀಗಿರುವಲ್ಲಿ 2017ರ ಆಗಸ್ಟ್ ತಿಂಗಳಿನಲ್ಲಿ, ಬೆಂಗಳೂರಿನ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನು ನೋಡಬೇಕೆಂದು ಮಕ್ಕಳು ಹಟ ಹಿಡಿದರು. ತಾಯಿಯವರನ್ನೂ ಕರೆದುಕೊಂಡು, ಬೆಳಗಿನ ಬಸ್ಸಿಗೆ ಕೋಲಾರದ ಮಾರ್ಗವಾಗಿ ಹೊರಟೆವು.

ಲಾಲ್‌ಬಾಗಿನ ಪೂರ್ವೋತ್ತರವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಅನುಚಿತವಾಗಲಾರದು. ಹೈದರಾಲಿಯು 1760ರಲ್ಲಿ ಆರಂಭಿಸಿದ ಈ ತೋಟವನ್ನು ಟಿಪ್ಪುವು ಪರದೇಶಗಳಿಂದ ಗಿಡಬೀಜಗಳನ್ನು ತರಿಸಿ ಬೆಳೆಸಿದನು. 1856ರಲ್ಲಿ ಅದು ಸರ್ಕಾರದ ಸಸ್ಯೋದ್ಯಾನವಾಯಿತು. ಇಂದಿನ ವಿಸ್ತೀರ್ಣ ಸುಮಾರು 240 ಎಕರೆ. ನಡುವೆ ನಿಂತಿರುವ ಗಾಜಿನ ಮನೆಗೆ 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರನು ಅಸ್ತಿಭಾರವಿಟ್ಟನು. ಲಂಡನ್ನಿನ ಸ್ಫಟಿಕದ ಅರಮನೆಯನ್ನು ನೋಡಿ ಇದರ ಮಾದರಿಯನ್ನು ಕಲ್ಪಿಸಿದರೆನ್ನುತ್ತಾರೆ. ಆ ಅರಮನೆಯು 1936ರಲ್ಲಿ ಬೆಂಕಿಗೆ ಆಹುತಿಯಾಯಿತು, ನಮ್ಮದು ಉಳಿದಿದೆ. ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯೋತ್ಸವಕ್ಕೊಮ್ಮೆ ಇಲ್ಲಿ ಪ್ರದರ್ಶನ ಜರುಗುವುದು. ತೋಟಗಾರಿಕೆ ಇಲಾಖೆಯೊಡನೆ, 1912ರಲ್ಲಿ ಸ್ಥಾಪಿತವಾದ ಮೈಸೂರು ಉದ್ಯಾನ ಕಲಾ ಸಂಘವೂ ಇದರ ಭಾರವನ್ನು ಹೊತ್ತಿದೆ.

ಆ ಸಲದ ಪ್ರದರ್ಶನವು ಕವಿ ಕುವೆಂಪು ಅವರ ಸ್ಮರಣೆಗೆ ಮೀಸಲಾಗಿತ್ತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿರುವ ಕವಿಮನೆಯನ್ನೇ ಗಾಜಿನ ಮನೆಯೊಳಗೆ ಹೂವಿನಿಂದ ಕಟ್ಟಿ ನಿಲ್ಲಿಸಿದ್ದರು. ಅವರು ಬಾಲ್ಯದಿಂದ ಏರಿ ಕುಳಿತು ಮಲೆನಾಡನ್ನು ನೋಡುತ್ತಿದ್ದ, 1994ರಲ್ಲಿ ಅವರ ದೇಹವು ಮಣ್ಣುಗೂಡಿದ ಕವಿಶೈಲವನ್ನೂ ಕಾಣಿಸಿದ್ದರು. ಇಂತಹ ಆಕೃತಿಗಳನ್ನು ಮಾಡುವ ಕ್ರಮವು ಹೀಗೆ: ಮೊದಲು ಕಬ್ಬಿಣದಿಂದಲೋ ಮರದಿಂದಲೋ ಹಂದರವನ್ನು ನಿಲ್ಲಿಸಿ, ಅದರ ಮೇಲೆ ನೀರು ಹೀರಿಕೊಳ್ಳುವ ಹಸಿರು ಬೆಂಡನ್ನು ಹೊಂದಿಸಿ, ಗುಲಾಬಿ, ಸೇವಂತಿಗೆ ಮುಂತಾದ ಹೂಗಳ ತೊಟ್ಟನ್ನು ಒಂದೊಂದಾಗಿ ಅದರಲ್ಲಿ ಸಿಕ್ಕಿಸುತ್ತಾರೆ. ಹೂವು ಬಾಡಿದಂತೆ ಅದನ್ನು ಕಿತ್ತು ಹೊಸದನ್ನಿಡಬೇಕು. ಲಕ್ಷಾಂತರ ಹೂವು, ಹಗಲಿರುಳೆನ್ನದ ದುಡಿಮೆ! ಜನಸಂದಣಿ ಎಷ್ಟಿತ್ತೆಂದರೆ, ನಿಂತು ನೋಡಲು ಬಿಡದೆ ಹಿಂದಿನವರು ಮುಂದಿನವರನ್ನು ತಳ್ಳುತ್ತಿದ್ದರು.

ಮಕ್ಕಳು ಹೂವಿನ ಮನೆಯನ್ನು ನೋಡಿ ಬೆರಗಾದರು. ತಾಯಿಯವರು ಮಾತ್ರ, “ಇಷ್ಟೊಂದು ಹೂವು ಹತ್ತು ದಿನಕ್ಕೆ ಬಾಡಿಹೋಗುತ್ತದಲ್ಲಪ್ಪ” ಎಂದು ಮುಂದೆ ನಡೆದರು. ಅವರು ನಿಂತುದು ಬಂಡೆಗಳನ್ನು ಜೋಡಿಸಿದ್ದ ಕಡೆಯಲ್ಲಿ. ಅಲ್ಲಿ ಹೂವು ಕಡಿಮೆ; ಕಲ್ಲಿನ ಸಂದಿನಲ್ಲಿ ಜರಿಗಿಡ, ಹಾವಸೆ, ಹುಲ್ಲು, ಒಂದೆರಡು ಸಣ್ಣ ಪೊದೆ. ಮೊಮ್ಮಗಳು ಕೈಹಿಡಿದು ಎಳೆದು, “ಅಜ್ಜಿ, ಇದರಲ್ಲಿ ಏನಿದೆ, ಬರೀ ಕಲ್ಲು!” ಎಂದಳು. “ನಮ್ಮೂರಲ್ಲಿರುವುದೂ ಅದೇ ಅಲ್ಲವೇನಮ್ಮ” ಎಂದರು ತಾಯಿಯವರು.

ಗಾಜಿನ ಮನೆಯಿಂದ ಹೊರಬಂದು, ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಮೆಲ್ಲಗೆ ಹತ್ತಿದೆವು. ಈ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸೆಂದು ಭೂಶಾಸ್ತ್ರಜ್ಞರು ಗಣಿಸಿದ್ದಾರೆ. ಅಷ್ಟು ಪುರಾತನವಾದ ಕಲ್ಲಿನ ಬಿರುಕಿನಲ್ಲಿಯೂ, ಹಿಡಿ ಮಣ್ಣು ಸೇರಿದಲ್ಲೆಲ್ಲ, ಹಸಿರು ತಲೆಯೆತ್ತಿತ್ತು. ಅದಕ್ಕೆ ನೀರೆರೆದವರು ಯಾರೂ ಇಲ್ಲ. ಬಂದ ಮಳೆಯನ್ನು ಹಿಡಿದಿಟ್ಟುಕೊಂಡು, ಬಾರದ ದಿನಗಳಲ್ಲಿ ಕಾಯುವ ಗಿಡಗಳವು. ಹಿತ್ತಿಲಿಗೆ ಚಪ್ಪಡಿ ಹಾಸಲು ಮುಂಗಡ ಕೊಟ್ಟು ಬಂದಿದ್ದ ನಮಗೆ ಅಲ್ಲಿ ನಿಂತಾಗ ಸ್ವಲ್ಪ ನಾಚಿಕೆಯಾಯಿತು. ತಪ್ಪಿದ್ದುದು ನೀರಿನ ಅಭಾವದಲ್ಲಿ ಮಾತ್ರವಲ್ಲ. ನಮ್ಮ ನೆಲಕ್ಕೆ ಒಗ್ಗದ ಗಿಡವನ್ನು ನಮ್ಮಲ್ಲಿಲ್ಲದ ನೀರಿನಿಂದ ಬೆಳೆಸಹೊರಟ ನಮ್ಮ ಆಸೆಯಲ್ಲಿಯೂ ತಪ್ಪಿತ್ತು.

ಲಾಲ್‌ಬಾಗಿನಲ್ಲಿ ಡಾ. ಎಂ. ಎಚ್. ಮರೀಗೌಡ ಅವರ ಹೆಸರಿನ ಭವನವೊಂದುಂಟು. ಹಾರ್ವರ್ಡಿನಲ್ಲಿ ವ್ಯಾಸಂಗ ಮಾಡಿ ಬಂದು, ರಾಜ್ಯದ ತೋಟಗಾರಿಕೆಯನ್ನು ದೀರ್ಘಕಾಲ ನಡೆಸಿದ ಈ ಮಹನೀಯರು, ಒಣಭೂಮಿಯಲ್ಲಿ ಆಳಕ್ಕೆ ಬೇರು ಬಿಡುವ ಹಣ್ಣಿನ ಮರಗಳನ್ನು ನೆಟ್ಟು, ಮೊದಲ ಕೆಲವು ವರ್ಷ ಕೊಡದ ನೀರಿನಿಂದ ಕಾಪಾಡಿದರೆ ಮುಂದೆ ಅವು ತಮ್ಮನ್ನು ತಾವೇ ನೋಡಿಕೊಳ್ಳುವುವೆಂದು ಸಾರಿದರು. ಇದಕ್ಕೆ ಸಾಕ್ಷಿಯನ್ನು ನಾವು ದೂರ ಹುಡುಕಬೇಕಾಗಿಲ್ಲ. ಶ್ರೀನಿವಾಸಪುರದ ಮಾವಿನ ತೋಪುಗಳು ನಾವು ದಿನವೂ ನೋಡುವಂಥವೇ.

ಊರಿಗೆ ಮರಳಿದ ಮೇಲೆ ಮೇಸ್ತ್ರಿಗೆ ಕೆಲಸವನ್ನು ಅರ್ಧಕ್ಕೆ ಇಳಿಸಿ ಹೇಳಿದೆವು. ಬಟ್ಟೆ ಒಗೆಯುವ ಜಾಗಕ್ಕಷ್ಟೇ ಚಪ್ಪಡಿ; ಉಳಿದುದು ಮಣ್ಣು. ಅಲ್ಲಿ ದಾಸವಾಳ, ಕಣಗಿಲೆ, ನಂದಿಬಟ್ಟಲು, ದೇವಕಣಗಿಲೆಗಳನ್ನು ನೆಟ್ಟೆವು. ಕಣಗಿಲೆಯ ಎಲೆ ಹೂ ಬೇರುಗಳೆಲ್ಲವೂ ವಿಷವಾದುದರಿಂದ, ಮಕ್ಕಳೂ ದನಕರುಗಳೂ ಬಾಯಿಗಿಡದಂತೆ ಅದನ್ನು ಬೇಲಿಯ ಆಚೆಗೆ ಹಾಕಬೇಕೆಂಬುದನ್ನು ಗೃಹಿಣಿಯರು ಮರೆಯಬಾರದು.

ನೀರಿನ ವಿಷಯದಲ್ಲಿ ನಾವು ಅನುಸರಿಸಿದ ಉಪಾಯವು ಯಾರಿಗಾದರೂ ಸಾಧ್ಯವಾದುದು. ಮೆರುಗು ಹಚ್ಚದ ಮಣ್ಣಿನ ಮಡಕೆಯನ್ನು ಗಿಡದಿಂದ ಒಂದು ಗೇಣು ದೂರದಲ್ಲಿ, ಬಾಯಿ ಮಾತ್ರ ನೆಲದ ಮೇಲಿರುವಂತೆ ಹೂಳಬೇಕು. ಅದಕ್ಕೆ ತಿಳಿನೀರು ತುಂಬಿ ಮುಚ್ಚಳವಿಟ್ಟರೆ, ಮಣ್ಣು ಒಣಗಿದಂತೆಲ್ಲ ನೀರು ಮಡಕೆಯ ಮೈಯಿಂದ ಜಿನುಗಿ ನೇರವಾಗಿ ಬೇರಿಗೆ ತಲುಪುವುದು. ಬಿಸಿಲಿಗೆ ಆರಿಹೋಗುವುದು ಕಡಿಮೆ. ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಚೀನಾ ದೇಶದ ಕೃಷಿಗ್ರಂಥವೊಂದರಲ್ಲಿ ಈ ಕ್ರಮವನ್ನು ಹೇಳಿದೆ. ಮುಚ್ಚಳ ತಪ್ಪಿದರೆ ಸೊಳ್ಳೆಗಳಿಗೆ ಮನೆ ಮಾಡಿಕೊಟ್ಟಂತಾಗುವುದು. ಅಕ್ಕಿ, ತರಕಾರಿ ತೊಳೆದ ನೀರನ್ನು ಮಡಕೆಗೆ ಹಾಕಿದರೆ ಅದರ ಸೂಕ್ಷ್ಮರಂಧ್ರಗಳು ಕಟ್ಟಿಕೊಳ್ಳುವುವು. ಅದನ್ನು ಗಿಡದ ಬುಡಕ್ಕೇ ಎರೆಯಬೇಕು. ಬುಡದ ಸುತ್ತ ಒಣ ತರಗನ್ನು ಹರಡಿದರೆ ತೇವ ಇನ್ನೂ ಕೆಲವು ದಿನ ನಿಲ್ಲುವುದು.

ಒಮ್ಮೆ ಬಳಸಿದ ನೀರಿಗೂ ಬೆಲೆಯುಂಟೆಂಬುದನ್ನು ಮರುವರ್ಷ ಇಡೀ ಜಿಲ್ಲೆಯೇ ಕಂಡಿತು. 2018ರಿಂದ ಬೆಂಗಳೂರಿನ ಕೊಳಚೆನೀರನ್ನು ಎರಡು ಹಂತದಲ್ಲಿ ಶುದ್ಧಿಮಾಡಿ ಕೋಲಾರದ ಕೆರೆಗಳಿಗೆ ಹರಿಸತೊಡಗಿದರು. ಮೂರನೆಯ ಹಂತದ ಶುದ್ಧಿಯೂ ಆಗಬೇಕೆಂದು ಜಿಲ್ಲೆಯ ಜನರು ಕೇಳಿದುದು ನ್ಯಾಯವೇ ಸರಿ. ಆದರೂ ಬಹುಕಾಲ ಬರಿದಾಗಿದ್ದ ಕೆರೆಯಂಗಳದಲ್ಲಿ ನೀರನ್ನು ಕಂಡು ಸಂತೋಷಪಡದವರು ಕಡಿಮೆ.

ನಾವು ನೆಟ್ಟುದೆಲ್ಲವೂ ಬದುಕಿತೆಂದು ಹೇಳಲಾರೆವು. ಎರಡು ದಾಸವಾಳದ ಗಿಡ ಮೊದಲ ಬೇಸಗೆಯಲ್ಲಿಯೇ ಹೋದುವು. ಜಾಜಿಯು ಮತ್ತೆ ಚಿಗುರಲಿಲ್ಲ. ಅದರ ಚಪ್ಪರದ ಕಂಬಗಳನ್ನು ತೆಗೆಯಲು ತಾಯಿಯವರು ಬಿಡಲಿಲ್ಲ. ಉಳಿದ ಗಿಡಗಳು ನಿಂತುವು. ಮುಂದಿನ ವರ್ಷದ ಶ್ರಾವಣದಲ್ಲಿ ಪೂಜೆಯ ಬುಟ್ಟಿಗೆ ಹನ್ನೊಂದು ನಂದಿಬಟ್ಟಲು, ಮೂರು ದಾಸವಾಳ ಸಿಕ್ಕಿದುವು. ಲಕ್ಷ ಹೂವಿನ ಮನೆಯನ್ನು ನೋಡಿ ಬಂದವರು ಈ ಹದಿನಾಲ್ಕನ್ನು ಎಣಿಸುವುದೆಂದರೆ ನಗೆಯ ಮಾತೇ. ಆದರೆ ನಾವು ಎಣಿಸಿದೆವು. ತಾಯಿಯವರೂ ಇನ್ನೊಮ್ಮೆ ಎಣಿಸಿ, ಒಂದನ್ನು ಮೊಮ್ಮಗಳ ಜಡೆಗೆ ಸಿಕ್ಕಿಸಿ, ಉಳಿದುದನ್ನು ದೇವರ ಮನೆಗೆ ಒಯ್ದರು.