ಹೆಪ್ಪಿಗಾಗುವಷ್ಟು ಬೆವರು

ಬೆಳಗ್ಗೆ ಎಂಟೂವರೆಯ ಹೊತ್ತು. ಡೊಂಬಿವಲಿ, ಕಲ್ಯಾಣ ಕಡೆಯ ಲೋಕಲ್‌ನಿಂದ ಥಾಣೆಯಲ್ಲಿ ಇಳಿದವರು ಐರೋಲಿಗೆ ಹೋಗಬೇಕೆಂದರೆ ಸೇತುವೆಯ ಮೆಟ್ಟಿಲು ಹತ್ತಿ ಟ್ರಾನ್ಸ್-ಹಾರ್ಬರ್ ಲೈನಿನ ಪ್ಲಾಟ್‌ಫಾರ್ಮಿಗೆ ದಾಟಬೇಕು. ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಊಟದ ಡಬ್ಬಿ. ವಾಶಿ ಗಾಡಿ ಬಂದು ನಿಂತದ್ದು ಕಂಡರೆ ಎರಡೆರಡು ಮೆಟ್ಟಿಲು ಹಾರಿ ಓಡುತ್ತಾರೆ. ಒಳಗೆ ನುಗ್ಗಿ ಕಂಬಿ ಹಿಡಿದಾಗ ಎದೆ ಡವಗುಟ್ಟುತ್ತಿರುತ್ತದೆ, ಮಾತು ತುಂಡು ತುಂಡಾಗಿ ಬರುತ್ತದೆ. ಆ ಒಂದೂವರೆ ನಿಮಿಷವನ್ನು ಯಾರೂ ವ್ಯಾಯಾಮದ ಲೆಕ್ಕಕ್ಕೆ ಹಿಡಿಯುವುದಿಲ್ಲ. ದೇಹ ಮಾತ್ರ ಹಿಡಿಯುತ್ತದೆ.

ಐರೋಲಿ ಇರುವುದು ನವಿ ಮುಂಬೈಯ ಉತ್ತರ ಭಾಗದಲ್ಲಿ. ಪಶ್ಚಿಮಕ್ಕೆ ಥಾಣೆ ಖಾಡಿಯ ಕಾಂಡ್ಲಾ ಕಾಡು, ಚಳಿಗಾಲಕ್ಕೆ ಬಂದಿಳಿಯುವ ಫ್ಲೆಮಿಂಗೊಗಳು. 2022ರಲ್ಲಿ ಈ ಖಾಡಿಗೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವೆಂಬ ರಾಮ್ಸಾರ್ ತಾಣದ ಮಾನ್ಯತೆಯೂ ಸಿಕ್ಕಿತು. ಪೂರ್ವಕ್ಕೆ ಥಾಣೆ–ಬೇಲಾಪುರ ರಸ್ತೆ, ಕಾರ್ಖಾನೆಗಳು, ಐಟಿ ಪಾರ್ಕಿನ ಗಾಜಿನ ಕಟ್ಟಡಗಳು, ಅವುಗಳ ಬೆನ್ನಿಗೆ ಪಾರ್ಸಿಕ್ ಬೆಟ್ಟಸಾಲು. ಭಾನುವಾರ ನಸುಕಿನಲ್ಲಿ ಇಲ್ಲಿಂದ ದಪ್ಪ ಟಯರಿನ ಸೈಕಲ್‌ಗಳು ಹೊರಡುತ್ತವೆ. ಕೆಲವು ಘಣಸೋಲಿಯ ಗವಳಿದೇವ್ ಗುಡ್ಡದ ಕಡೆಗೆ, ಕೆಲವು ಬೇಲಾಪುರದ ಪಾರ್ಸಿಕ್ ಏರಿಗೆ, ಇನ್ನು ಕೆಲವು ಥಾಣೆಯ ಉಪವನ ಕೆರೆ ದಾಟಿ ಯೇವೂರ್ ಕಾಡಿನ ದಾರಿಗೆ. ಸೈಕಲ್ ಮೇಲಿರುವವರು ಬ್ಯಾಂಕಿನವರು, ಸಾಫ್ಟ್‌ವೇರಿನವರು, ಹೋಟೆಲಿನವರು, ಶಿಫ್ಟ್ ಮುಗಿಸಿ ಬಂದವರು. ಹತ್ತು ಗಂಟೆಯೊಳಗೆ ಮನೆ ಸೇರಿ ತರಕಾರಿ ತರಬೇಕು, ಮಗಳನ್ನು ಟ್ಯೂಷನ್ನಿಗೆ ಬಿಡಬೇಕು. ನಾನೂ ಅವರಲ್ಲೊಬ್ಬ.

ವಾರಕ್ಕೊಂದು ದಿನ ಗುಡ್ಡ ಹತ್ತಿ ಆರು ದಿನ ಕುರ್ಚಿಯಲ್ಲಿ ಕೂತರೆ ಏನು ಬಂತು ಎಂದು ಕೇಳುವವರಿದ್ದಾರೆ. ದಿನಾ ಒಂದು ಗಂಟೆ ಸಿಗದ ಮೇಲೆ ಶುರು ಮಾಡಿ ಫಲವೇನು ಎಂದು ಸೈಕಲ್ಲನ್ನು ಬಾಲ್ಕನಿಗೆ ಸೇರಿಸಿದವರು ಅವರಿಗಿಂತ ಹೆಚ್ಚು. ಏಳು ದಶಕಗಳ ಸಂಶೋಧನೆಯಲ್ಲಿ ಇಬ್ಬರಿಗೂ ಉತ್ತರವಿದೆ.

ಬಸ್ಸಿನ ಮೆಟ್ಟಿಲಿನಿಂದ ಶುರುವಾದ ಲೆಕ್ಕ

1953ರಲ್ಲಿ ಜೆರಿ ಮಾರಿಸ್ ಎಂಬ ಬ್ರಿಟಿಷ್ ವೈದ್ಯ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ನೌಕರರ ಹೃದಯದ ಕಥೆಯನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಡ್ರೈವರ್ ದಿನವಿಡೀ ಕೂತಿರುತ್ತಿದ್ದ. ಅದೇ ಬಸ್ಸಿನ ಕಂಡಕ್ಟರ್ ಟಿಕೆಟ್ ಕೊಡುತ್ತ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. ಹೃದಯಾಘಾತ ಡ್ರೈವರುಗಳಲ್ಲೇ ಹೆಚ್ಚು ಕಂಡಿತು. ಬೆಸ್ಟ್ ಸಂಸ್ಥೆಯ ಡಬಲ್ ಡೆಕ್ಕರ್ ಬಸ್ಸಿನಲ್ಲಿ ಓಡಾಡಿದ ಮುಂಬೈಯವರಿಗೆ ಆ ಕಡಿದಾದ ಮೆಟ್ಟಿಲು ಹೇಗಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಲೆಕ್ಕ ಸೂಕ್ಷ್ಮವಾಗುತ್ತ ಬಂತು. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಅಥವಾ 75ರಿಂದ 150 ನಿಮಿಷ ಜೋರು ಶ್ರಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಾದರೂ ಆಗಬೇಕು ಎಂಬ ಷರತ್ತು ಮೊದಲಿತ್ತು. 2020ರ ಮಾರ್ಗಸೂಚಿಯಲ್ಲಿ ಅದನ್ನು ತೆಗೆದುಹಾಕಲಾಯಿತು. 2022ರಲ್ಲಿ 'ನೇಚರ್ ಮೆಡಿಸಿನ್' ಪ್ರಕಟಿಸಿದ ಅಧ್ಯಯನ ಇನ್ನೂ ಮುಂದೆ ಹೋಯಿತು. ವ್ಯಾಯಾಮವನ್ನೇ ಮಾಡದ ಸುಮಾರು 25,000 ಬ್ರಿಟಿಷರ ಮಣಿಕಟ್ಟಿಗೆ ಚಲನೆ ಅಳೆಯುವ ಪಟ್ಟಿ ಕಟ್ಟಿ, ಏಳು ವರ್ಷದಷ್ಟು ಕಾಲ ಅವರ ಆರೋಗ್ಯವನ್ನು ಗಮನಿಸಲಾಯಿತು. ಮೆಟ್ಟಿಲು ಹತ್ತುವುದು, ಭಾರ ಹೊತ್ತು ಬಿರುಸಾಗಿ ನಡೆಯುವುದು, ಇಂಥ ಒಂದೆರಡು ನಿಮಿಷದ ಏದುಸಿರಿನ ಕೆಲಸ ದಿನಕ್ಕೆ ಮೂರು ಸಲ ಆಗುತ್ತಿದ್ದವರಲ್ಲಿ, ಹಾಗೆ ಮಾಡದವರಿಗೆ ಹೋಲಿಸಿದರೆ ಸಾವಿನ ಅಪಾಯ ಶೇ. 38ರಿಂದ 40ರಷ್ಟು ಕಡಿಮೆ ಇತ್ತು. ಇದು ಸಂಬಂಧವನ್ನು ತೋರಿಸುವ ಅಧ್ಯಯನ, ಕಾರಣವನ್ನು ಪೂರ್ತಿ ಸಾಬೀತು ಮಾಡುವುದಿಲ್ಲ. ಆದರೂ ಥಾಣೆ ಸೇತುವೆಯ ಮೆಟ್ಟಿಲಿಗೆ ಇದರಿಂದ ಹೊಸ ಬೆಲೆ ಬಂದಿದೆ.

ಕಟ್ಟುವುದು ಕಷ್ಟ, ಕಾಪಾಡುವುದು ಹಗುರ

ದೇಹದ ಕಸುವನ್ನು ಅಳೆಯಲು ಒಂದು ಒಳ್ಳೆಯ ಮಾಪಕ ವಿಓ2 ಮ್ಯಾಕ್ಸ್. ಶಕ್ತಿ ಮೀರಿ ದುಡಿಯುವಾಗ ದೇಹ ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದೇ ಅದು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿ ಅಳೆದರು. ಅವರ ವಿಓ2 ಮ್ಯಾಕ್ಸ್ ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷದ ಮೇಲೆ ಅದೇ ಐವರನ್ನು ಹುಡುಕಿ ಮತ್ತೆ ಅಳೆದಾಗ ಒಂದು ಅಚ್ಚರಿ ಕಾದಿತ್ತು. ಮೂರು ದಶಕಗಳ ಮುಪ್ಪು ಕಸಿದದ್ದು ಆ ಮೂರು ವಾರ ಕಸಿದದ್ದಕ್ಕಿಂತ ಕಡಿಮೆ. ಬಳಿಕ ಆರು ತಿಂಗಳು ಹದವಾಗಿ ತರಬೇತಿ ಕೊಟ್ಟಾಗ, ಐವತ್ತು ದಾಟಿದ ಅವರು ಇಪ್ಪತ್ತರಲ್ಲಿ ಪ್ರಯೋಗ ಶುರುವಾದಾಗ ಇದ್ದ ಮಟ್ಟಕ್ಕೆ ಮರಳಿದರು.

ಇದಕ್ಕೆ ಕಾರಣ ಸ್ನಾಯುಕೋಶದಲ್ಲೂ ಇದೆ, ರಕ್ತ ಮತ್ತು ಹೃದಯದಲ್ಲೂ ಇದೆ. ಏರು ಹತ್ತುವಾಗ ಕೋಶದಲ್ಲಿ ಶಕ್ತಿಯ ಅಭಾವ ಉಂಟಾಗುತ್ತದೆ. ಆ ಅಭಾವವೇ ಸಂಕೇತವಾಗಿ, ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳನ್ನು ಹೆಚ್ಚಿಸುವ ಜೀನುಗಳು ಚುರುಕಾಗುತ್ತವೆ. ರಕ್ತದ ದ್ರವಭಾಗ ಹೆಚ್ಚುತ್ತದೆ, ಹೃದಯ ಒಂದೊಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ. ಸಂಕೇತ ಪೂರ್ತಿ ನಿಂತರೆ ಕಟ್ಟಿದ್ದೆಲ್ಲ ಒಂದೊಂದಾಗಿ ಕರಗುತ್ತದೆ.

ಹಾಗಾದರೆ ಕಟ್ಟಿದ್ದನ್ನು ಉಳಿಸಿಕೊಳ್ಳಲು ಎಷ್ಟು ಸಂಕೇತ ಬೇಕು? 1980ರ ದಶಕದಲ್ಲಿ ರಾಬರ್ಟ್ ಹಿಕ್ಸನ್ ಎಂಬ ಅಮೆರಿಕದ ಸಂಶೋಧಕ ಇದನ್ನು ಒರೆಗೆ ಹಚ್ಚಿದರು. ದಿನಕ್ಕೆ 40 ನಿಮಿಷ, ವಾರಕ್ಕೆ ಆರು ದಿನ, ಹತ್ತು ವಾರ ಕಠಿಣ ತರಬೇತಿ ಕೊಟ್ಟರು. ಆಮೇಲೆ ಕೆಲವರಿಗೆ ವಾರಕ್ಕೆ ಎರಡೇ ದಿನ, ಕೆಲವರಿಗೆ ದಿನಕ್ಕೆ 13 ನಿಮಿಷ ಮಾತ್ರ ಉಳಿಸಿದರು. ಹದಿನೈದು ವಾರ ಕಳೆದರೂ ಅವರ ವಿಓ2 ಮ್ಯಾಕ್ಸ್ ಇಳಿಯಲಿಲ್ಲ. ಸಮಯ ಹಾಗೇ ಇಟ್ಟು ಜೋರನ್ನು ತಗ್ಗಿಸಿದವರಲ್ಲಿ ಇಳಿಯಿತು. 13 ನಿಮಿಷದವರಲ್ಲಿ ದೀರ್ಘ ಹೊತ್ತು ದಣಿಯದೆ ಸಾಗುವ ತಾಳಿಕೆ ಮಾತ್ರ ಕುಗ್ಗಿತು.

ನಮ್ಮ ಅಡುಗೆಮನೆಗೆ ಈ ಸತ್ಯ ಹಳೆಯದು. ಮೊಸರು ಎಷ್ಟೇ ರುಚಿಯಾಗಿರಲಿ, ಹೆಪ್ಪಿಗೆಂದು ಒಂದು ಚಮಚ ಉಳಿಸಿಯೇ ಪಾತ್ರೆ ತೊಳೆಯುತ್ತೇವೆ. ಅಷ್ಟಿದ್ದರೆ ಸಾಕು, ನಾಳೆಗೆ ಮತ್ತೆ ಪಾತ್ರೆ ತುಂಬ ಮೊಸರು. ಅದೂ ಇಲ್ಲದಿದ್ದರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗಬೇಕು. ಪರೀಕ್ಷೆ, ಆಡಿಟ್, ಮಗುವಿನ ಜ್ವರ, ಊರಿನ ಮದುವೆ ಎಂದು ವಾರಗಳೇ ಕೈತಪ್ಪುವಾಗ ನಾನು ಕೇಳಿಕೊಳ್ಳುವುದು ಒಂದೇ: ಹೆಪ್ಪಿಗಾಗುವಷ್ಟು ಉಳಿಯಿತೇ?

ಆ ಚಮಚ ಎಷ್ಟು ಚಿಕ್ಕದಿರಬಹುದು ಎಂಬುದನ್ನು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮಾರ್ಟಿನ್ ಗಿಬಾಲ ತಂಡ 2016ರಲ್ಲಿ ತೋರಿಸಿತು. ವ್ಯಾಯಾಮದ ರೂಢಿಯಿಲ್ಲದ ಗಂಡಸರ ಒಂದು ಸಣ್ಣ ಗುಂಪು ಹತ್ತು ನಿಮಿಷದ ಸೈಕಲ್ ತುಳಿತದ ನಡುವೆ ಮೂರು ಸಲ, ಇಪ್ಪತ್ತಿಪ್ಪತ್ತು ಸೆಕೆಂಡು, ಮೈಯೆಲ್ಲ ಕಸುವು ಹಾಕಿ ತುಳಿಯಿತು. ಇನ್ನೊಂದು ಗುಂಪು 45 ನಿಮಿಷ ಒಂದೇ ಹದದಲ್ಲಿ ತುಳಿಯಿತು. ವಾರಕ್ಕೆ ಮೂರು ದಿನದಂತೆ ಹನ್ನೆರಡು ವಾರ ಕಳೆದಾಗ ಎರಡೂ ಗುಂಪಿನ ವಿಓ2 ಮ್ಯಾಕ್ಸ್ ಸುಮಾರು ಶೇ. 19ರಷ್ಟು ಏರಿತ್ತು.

ಗುಡ್ಡ ಕೇಳುವುದೇನು?

ಮೌಂಟನ್ ಬೈಕ್ ಹುಟ್ಟಿದ್ದೂ ರಜೆಯ ದಿನದ ಹುಚ್ಚಿನಿಂದಲೇ. ಕ್ಯಾಲಿಫೋರ್ನಿಯಾದ ಮರಿನ್ ಪ್ರದೇಶದ ಗೆಳೆಯರು 1976ರಲ್ಲಿ ಹಳೆಯ ದಪ್ಪ ಟಯರಿನ ಸೈಕಲ್‌ಗಳಲ್ಲಿ ಗುಡ್ಡದ ಮಣ್ಣುದಾರಿ ಇಳಿಯುವ ಪಂದ್ಯ ಶುರು ಮಾಡಿದರು. ಒಂದು ಇಳಿತಕ್ಕೆ ಬ್ರೇಕಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು, ಪ್ರತಿ ಸಲ ಹೊಸದಾಗಿ ತುಂಬಬೇಕಾಗುತ್ತಿತ್ತು. ಇಪ್ಪತ್ತು ವರ್ಷದಲ್ಲಿ, 1996ರ ಅಟ್ಲಾಂಟಾದಲ್ಲಿ, ಆ ಆಟ ಒಲಿಂಪಿಕ್ಸ್ ಸೇರಿತು.

ಜಲ್ಲಿ ತುಂಬಿದ ಏರಿನಲ್ಲಿ ಏನಾಗುತ್ತದೆಂದು ಹತ್ತಿರದಿಂದ ನೋಡಿ. ಎದ್ದು ನಿಂತು ತುಳಿದರೆ ಹಿಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಟಯರು ನಿಂತಲ್ಲೇ ಗರಗರ ತಿರುಗುತ್ತದೆ. ಹಿಂದಕ್ಕೆ ಸರಿದು ಕೂತರೆ ಮುಂದಿನ ಚಕ್ರ ನೆಲಬಿಟ್ಟು ಏಳುತ್ತದೆ. ಸೀಟಿನ ಮೂತಿಯ ಮೇಲೆ ಕೂತು, ಮೊಣಕೈ ಮಡಚಿ, ಎದೆಯನ್ನು ಹ್ಯಾಂಡಲ್ ಕಡೆ ತಗ್ಗಿಸಿದಾಗ ಮಾತ್ರ ಎರಡೂ ಚಕ್ರ ನೆಲ ಕಚ್ಚುತ್ತವೆ. ಪ್ರತಿ ಕಲ್ಲಿಗೂ ಈ ಹದ ಬದಲಾಗುತ್ತದೆ. ಹಾಗಾಗಿ ಕಾಲಿನ ಜೊತೆಗೆ ಸೊಂಟ, ಬೆನ್ನು, ತೋಳು, ಕೈಹಿಡಿತ ಎಲ್ಲಕ್ಕೂ ಕೆಲಸ ಬೀಳುತ್ತದೆ. ಈ ಕುಲುಕಾಟ ಎಲುಬಿಗೂ ಒಳ್ಳೆಯದಿರಬಹುದು. ನುಣುಪು ರಸ್ತೆಯ ಸೈಕ್ಲಿಸ್ಟ್‌ಗಳಿಗಿಂತ ಗುಡ್ಡದ ಸ್ಪರ್ಧಿಗಳ ಎಲುಬಿನ ಸಾಂದ್ರತೆ ಹೆಚ್ಚಿದ್ದುದು ಕಂಡುಬಂದಿದೆ.

ಎಷ್ಟು ಶಕ್ತಿ ಬೇಕಾಗುತ್ತದೆ? ಸವಾರ ಮತ್ತು ಸೈಕಲ್ ಸೇರಿ 85 ಕಿಲೊ, ಏರು 200 ಮೀಟರ್ ಎಂದುಕೊಳ್ಳಿ. ಗುರುತ್ವದ ವಿರುದ್ಧ ಮಾಡಬೇಕಾದ ಕೆಲಸ ಸುಮಾರು 1,66,600 ಜೂಲ್. ಇಪ್ಪತ್ತು ನಿಮಿಷದಲ್ಲಿ ಹತ್ತಿದರೆ 139 ವ್ಯಾಟ್, ಎಂದರೆ ಎರಡು ಸೀಲಿಂಗ್ ಫ್ಯಾನುಗಳಷ್ಟು. ಸ್ನಾಯು ತಾನು ಸುಡುವ ಇಂಧನದಲ್ಲಿ ನಾಲ್ಕನೇ ಒಂದು ಅಥವಾ ಐದನೇ ಒಂದು ಭಾಗವನ್ನಷ್ಟೇ ಚಲನೆಗೆ ಬಳಸಬಲ್ಲದು. ಆದ್ದರಿಂದ ಖರ್ಚು 160ರಿಂದ 200 ಕ್ಯಾಲರಿ. ಕೆಳಗಿಳಿದು ತಿನ್ನುವ ಒಂದು ವಡಾಪಾವ್‌ನಲ್ಲಿ ಅದಕ್ಕಿಂತ ಹೆಚ್ಚಿದೆ. ತೂಕ ಇಳಿಸುವ ಲೆಕ್ಕ ಅಡುಗೆಮನೆಯಲ್ಲಿ ತೀರ್ಮಾನವಾಗುತ್ತದೆ. ಗುಡ್ಡ ಕೊಡುವುದು ಹೃದಯದ ಬಲ.

ಮಿಕ್ಕ ಶಕ್ತಿಯೆಲ್ಲ ಶಾಖವಾಗಿ ಹೊರಬರಬೇಕು. ಕರಾವಳಿಯ ಸವಾಲು ಇಲ್ಲೇ ಇದೆ. ಬೆವರು ಆವಿಯಾದರೆ ಮಾತ್ರ ಮೈ ತಂಪಾಗುತ್ತದೆ. ಮೇ ತಿಂಗಳ ಐರೋಲಿಯ ತೇವದ ಗಾಳಿಯಲ್ಲಿ ಅದು ಮೊಣಕೈಯಿಂದ ತೊಟ್ಟಿಕ್ಕಿ ವ್ಯರ್ಥವಾಗುತ್ತದೆ, ಹೃದಯ ಅದೇ ಏರಿಗೆ ಹೆಚ್ಚು ಬಡಿದುಕೊಳ್ಳುತ್ತದೆ. ಸೆಖೆಗೆ ಮೈ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ವೇಗ ಇಳಿಸುವುದೇ ಜಾಣತನ. ಮಳೆಗಾಲದಲ್ಲಿ ಪಾಚಿಗಟ್ಟಿದ ಕರಿಕಲ್ಲು ಯಾವ ಟಯರಿಗೂ ಹಿಡಿತ ಕೊಡುವುದಿಲ್ಲ. ಯೇವೂರ್ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಭಾಗ, ಚಿರತೆಗಳ ಮನೆ. ಅರಣ್ಯ ಇಲಾಖೆ ಬಿಟ್ಟ ಹೊತ್ತು, ಬಿಟ್ಟ ದಾರಿಯಷ್ಟೇ ನಮ್ಮದು.

ಚಳಿಗಾಲದ ಹೊಗೆಮಂಜಿನ ಬಗ್ಗೆಯೂ ಲೆಕ್ಕವಿದೆ. ಗಾಳಿಯಲ್ಲಿ ಪಿಎಂ 2.5 ಕಣಗಳು ಘನಮೀಟರಿಗೆ 100 ಮೈಕ್ರೊಗ್ರಾಂ ಇದ್ದರೂ, ದಿನಕ್ಕೆ ಒಂದೂವರೆ ಗಂಟೆಯವರೆಗೆ ಸೈಕಲ್ ತುಳಿದದ್ದರ ಲಾಭ ಹಾನಿಗಿಂತ ಹೆಚ್ಚು ಎಂದು 2016ರ ಒಂದು ಅಂದಾಜು ಹೇಳಿತ್ತು. ಹಾಗಾಗಿ ಅಂಥ ದಿನ ನಾನು ಸವಾರಿಯನ್ನು ಮೊಟಕು ಮಾಡುತ್ತೇನೆ, ಲಾರಿಗಳ ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿಯುತ್ತೇನೆ.

ವಾರಾಂತ್ಯದ ಸವಾರರಿಗೆ ದೊಡ್ಡ ಭರವಸೆ ಬಂದದ್ದು 2023ರಲ್ಲಿ. ಸುಮಾರು 90,000 ಬ್ರಿಟಿಷರ ಚಲನೆಯನ್ನು ಅಳೆದ ಸಂಶೋಧಕರು, ವಾರದ ಶ್ರಮದ ಅರ್ಧಕ್ಕಿಂತ ಹೆಚ್ಚನ್ನು ಒಂದೆರಡು ದಿನದಲ್ಲೇ ಮುಗಿಸುವವರಲ್ಲಿಯೂ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ವಾರದುದ್ದಕ್ಕೂ ಹಂಚಿ ವ್ಯಾಯಾಮ ಮಾಡುವವರಷ್ಟೇ ತಗ್ಗಿದ್ದನ್ನು ಕಂಡರು. ಆದರೆ ವರ್ಷಗಟ್ಟಲೆ ಕೂತಿದ್ದು ಮೊದಲ ಭಾನುವಾರವೇ ಗೆಳೆಯರ ಬೆನ್ನು ಹತ್ತುವುದು ಅಪಾಯ. ಭಾರತೀಯರಿಗೆ ಹೃದ್ರೋಗ ಬೇಗ ಬರುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ. ನಲವತ್ತು ದಾಟಿದವರು, ಬಿಪಿ ಸಕ್ಕರೆ ಇದ್ದವರು ಮೊದಲು ವೈದ್ಯರಿಗೆ ತೋರಿಸಿ. ಏರಿನಲ್ಲಿ ಎದೆ ಹಿಂಡಿದರೆ ಅಲ್ಲೇ ಇಳಿಯಿರಿ, ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ.

ಯಾರ ಸಮಯ?

ಒಂದು ಭಾನುವಾರ ಬೆವರಿಳಿಸಿಕೊಂಡು ಮನೆಗೆ ಬಂದಾಗ ನನ್ನ ಹೆಂಡತಿ ಶಾಂತವಾಗಿಯೇ ಕೇಳಿದಳು: "ನಿಮ್ಮ ಭಾನುವಾರ ಗುಡ್ಡದಲ್ಲಿ ಆಗ್ತದೆ. ನನ್ನದು ಯಾವಾಗ?"

ಉತ್ತರ ನನ್ನಲ್ಲಿರಲಿಲ್ಲ. ದೇಶದ ಅಂಕಿಅಂಶದಲ್ಲಿಯೂ ಅದೇ ಪ್ರಶ್ನೆ ಇದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸದಲ್ಲಿ ತೊಡಗುವ ಹೆಂಗಸರು ಸಂಬಳವಿಲ್ಲದ ಆ ದುಡಿಮೆಗೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. 2024ರಲ್ಲಿ ಪ್ರಕಟವಾದ ಜಾಗತಿಕ ವಿಶ್ಲೇಷಣೆಯಲ್ಲಿ, ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದ ಭಾರತೀಯ ಹೆಂಗಸರು ಶೇ. 57, ಗಂಡಸರು ಶೇ. 42. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ, ನನ್ನ ಮೂರು ಗಂಟೆಯ ಸವಾರಿ ಯಾರ ಸಮಯದಿಂದ ಬರುತ್ತಿದೆ ಎಂದು ನನಗೆ ಸ್ಪಷ್ಟವಾಯಿತು.

ನಿದ್ದೆಯಿಂದ ಕಡ ತರಲೂ ಆಗದು. ರಾತ್ರಿಗೆ ಆರೇ ಗಂಟೆಯಂತೆ ಎರಡು ವಾರ ಮಲಗಿದವರ ಮಿದುಳು ಎರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರಂತೆ ಮಂಕಾಗಬಲ್ಲದು ಎಂದು 2003ರ ಪ್ರಯೋಗವೊಂದು ತೋರಿಸಿದೆ. ಮಂಕಾದ ಮಿದುಳು ಹೊತ್ತು ಜಲ್ಲಿಯ ಇಳಿಜಾರು ಇಳಿಯಬಾರದು.

ಹಾಗಾಗಿ ನಮ್ಮ ಮನೆಯ ಕ್ರಮ ಬದಲಾಯಿತು. ವಾರದ ದಿನಗಳಲ್ಲಿ ಮೆಟ್ಟಿಲು, ಎರಡು ದಿನ ಹತ್ತು ನಿಮಿಷದ ಬಿರುಸಿನ ತುಳಿತ. ರಾತ್ರಿ ಊಟದ ಮೇಲೆ ಎಲ್ಲರೂ ಸೇರಿ ಸೆಕ್ಟರಿನ ಸುತ್ತ ಹದಿನೈದು ನಿಮಿಷ ನಡಿಗೆ. ಊಟದ ಮೇಲಿನ ನಡಿಗೆಯ ಈ ರೂಢಿಯನ್ನು ಇಲ್ಲಿನ ಮರಾಠಿ ನೆರೆಯವರು ಶತಪಾವಲಿ, ಎಂದರೆ ನೂರು ಹೆಜ್ಜೆ, ಎನ್ನುತ್ತಾರೆ. ಊಟದ ಬೆನ್ನಿಗೆ ಹೀಗೆ ನಡೆದರೆ ರಕ್ತದ ಸಕ್ಕರೆ ಹತೋಟಿಯಲ್ಲಿರುತ್ತದೆ ಎಂದು 2013ರ ಒಂದು ಸಣ್ಣ ಅಧ್ಯಯನವೂ ಹೇಳಿದೆ. ಭಾನುವಾರಗಳನ್ನು ಹಂಚಿಕೊಂಡಿದ್ದೇವೆ: ಒಂದು ನನ್ನದು, ಒಂದು ಅವಳದು.

ಸೈಕಲ್ ಒಂದೇ. ಸೀಟು ತಗ್ಗಿದ್ದರೆ ಪ್ರತಿ ತುಳಿತಕ್ಕೂ ಮೊಣಕಾಲು ಅತಿಯಾಗಿ ಮಡಚಿ ಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ, ಎತ್ತರವಾದರೆ ಸೊಂಟ ಅತ್ತಿತ್ತ ಹೊರಳುತ್ತದೆ. ಪೆಡಲ್ ತೀರ ಕೆಳಗಿದ್ದಾಗ ಮೊಣಕಾಲು 25ರಿಂದ 35 ಡಿಗ್ರಿ ಬಾಗಿರಬೇಕು. ಅದಕ್ಕೆಂದು ಸೀಟಿನ ಕಂಬಕ್ಕೆ ಎರಡು ಬಣ್ಣದ ಟೇಪು ಸುತ್ತಿದ್ದೇವೆ. ಶನಿವಾರ ರಾತ್ರಿ ಹಾಲಿಗೆ ಹೆಪ್ಪು ಹಾಕಿದ ಮೇಲೆ ಬಾಲ್ಕನಿಯ ದೀಪ ಹಚ್ಚಿ, ಸೀಟನ್ನು ನಾಲ್ಕು ಬೆರಳು ಕೆಳಗಿನ ಹಸಿರು ಗುರುತಿಗೆ ಇಳಿಸಿ ಬಿಗಿ ಮಾಡುತ್ತೇನೆ. ನಾಳೆ ದೋಸೆ ನನ್ನ ಪಾಲಿನ ಕೆಲಸ.