ಬಚ್ಚಲ ಹಂಡೆಗೆ ಜೊತೆಯಾಗುವ ಶಾಖದ ಪಂಪು

ಮಲೆನಾಡಿನ ಮನೆಗಳಿಗೆ ಕೋಣೆಯನ್ನು ಬಿಸಿ ಮಾಡುವ ಯಂತ್ರ ಬೇಕಿಲ್ಲ. ದಿನವೂ ಬೇಕಾದದ್ದು ಸ್ನಾನದ ಬಿಸಿನೀರು. ಶಿರಸಿ ತಾಲ್ಲೂಕಿನ ವಾನಳ್ಳಿಯ ಸುತ್ತಿನ ಹಳೆಯ ಮನೆಗಳಲ್ಲಿ ಅದನ್ನು ಕೊಡುವುದು ಬಚ್ಚಲ ಒಲೆಯ ಮೇಲಿನ ತಾಮ್ರದ ಹಂಡೆ. ಉರುವಲು ಒಟ್ಟುವ, ಹೊಗೆ ಕುಡಿಯುವ ಪಾಲು ಹೆಚ್ಚಾಗಿ ಮನೆಯ ಹೆಂಗಸರದು. ಈ ಹಂಡೆಯ ಜೊತೆಗೆ ಹೀಟ್ ಪಂಪ್, ಅಂದರೆ ಶಾಖದ ಪಂಪು, ಸೇರಿಸಿದರೆ ಏನಾಗುತ್ತದೆ? ನೋಡೋಣ.

ವಿದ್ಯಾರ್ಥಿಗಳೇ, ರೆಫ್ರಿಜರೇಟರಿನ ಹಿಂಬದಿ ಬಿಸಿಯಾಗಿರುವುದನ್ನು ನೀವು ಗಮನಿಸಿರಬಹುದು. ಅದು ಒಳಗಿನ ಶಾಖವನ್ನು ಹೊರಗೆ ಸಾಗಿಸುತ್ತದೆ. ಶಾಖದ ಪಂಪೂ ಹೀಗೆಯೇ ಹೊರಗಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ಕೊಡುತ್ತದೆ. ಕೊಳವೆಯಲ್ಲಿ ಹರಿಯುವ ದ್ರವವೊಂದು ಗಾಳಿಯ ಶಾಖದಿಂದ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿದಾಗ ಅದರ ಉಷ್ಣತೆ ಏರುತ್ತದೆ. ನೀರಿಗೆ ಶಾಖ ಕೊಟ್ಟು ಅದು ಮತ್ತೆ ದ್ರವವಾಗುತ್ತದೆ. ಯಂತ್ರದಿಂದ ಹೀಗೆ ಶಾಖ ಪಡೆಯಬಹುದೆಂದು ವಿಜ್ಞಾನಿ ಕೆಲ್ವಿನ್ 1852ರಲ್ಲೇ ಸೂಚಿಸಿದ್ದರು.

ಲೆಕ್ಕ ಸುಲಭ. 100 ಲೀಟರ್ ನೀರನ್ನು 20ರಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 10,500 ಕಿಲೋಜೌಲ್ ಶಾಖ ಬೇಕು. ಸಾಧಾರಣ ಗೀಸರಿಗೆ ಇದು ಸುಮಾರು 3 ಯೂನಿಟ್ ವಿದ್ಯುತ್. ಒಂದು ಪಾಲು ವಿದ್ಯುತ್ತಿಗೆ ಮೂರು ಪಾಲು ಶಾಖ ಕೊಡುವ ಪಂಪಿಗೆ 1 ಯೂನಿಟ್ ಸಾಕು. ಉಳಿದ ಎರಡು ಪಾಲು ಗಾಳಿಯಿಂದ ಬಂದದ್ದು. ಆದ್ದರಿಂದ ಶಕ್ತಿಯ ನಿಯಮಕ್ಕೆ ಭಂಗವಿಲ್ಲ. ಆದರೆ ನೀರು ಹೆಚ್ಚು ಬಿಸಿಯಾಗಬೇಕಾದಷ್ಟೂ ಈ ಲಾಭ ಕಡಿಮೆಯಾಗುತ್ತದೆ.

ಮಳೆಗಾಲದಲ್ಲಿ ಒಂದು ವಿಶೇಷವಿದೆ. ಹಸಿ ಕಟ್ಟಿಗೆ ಉರಿದಾಗ ಶಾಖದ ಒಂದು ಭಾಗ ಅದರ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಪಂಪಿನಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಗಾಳಿಯ ತೇವ ಅದರ ತಣ್ಣನೆಯ ಕೊಳವೆಯ ಮೇಲೆ ಹನಿಗಟ್ಟುವಾಗ ಪ್ರತಿ ಕಿಲೋಗ್ರಾಂಗೆ 2,400 ಕಿಲೋಜೌಲಿಗಿಂತ ಹೆಚ್ಚು ಗುಪ್ತೋಷ್ಣ ಬಿಡುತ್ತದೆ. ಒಲೆಗೆ ತೊಡಕಾದ ತೇವವೇ ಪಂಪಿಗೆ ನೆರವು!

ಹಾಗಾದರೆ ಹಂಡೆಯನ್ನು ತೆಗೆದುಬಿಡಬಹುದೇ? ಬೇಡ. ಗಾಳಿ ಮಳೆಗೆ ತಂತಿಯ ಮೇಲೆ ಮರ ಬಿದ್ದರೆ ಪಂಪು ನಿಲ್ಲುತ್ತದೆ. ಆಗ ಒಲೆಯೇ ಗತಿ. ಅದರ ಬಿಸಿಗೆ ಒದ್ದೆ ಬಟ್ಟೆಯೂ ಒಣಗುತ್ತದೆ. ಆದ್ದರಿಂದ ಎರಡೂ ಇರಲಿ. ಹಂಡೆ ಬಾಯಿ ತೆರೆದ ಪಾತ್ರೆ; ಪಂಪಿನ ಕೊಳವೆಯನ್ನು ಅದಕ್ಕೆ ನೇರವಾಗಿ ಜೋಡಿಸಲಾಗದು. ಪಂಪಿನದೇ ಮುಚ್ಚಿದ ಟ್ಯಾಂಕಿನಲ್ಲಿ ನೀರು ಬಿಸಿಯಾಗಿ, ಶಾಖ ಸೋರದಂತೆ ಹೊದಿಕೆ ಹಾಕಿದ ಪೈಪಿನ ಮೂಲಕ ನಲ್ಲಿಯಿಂದ ಹಂಡೆಗೆ ಬೀಳಬೇಕು. ಬಿಸಿ ಸಾಲದಿದ್ದರೆ ಒಂದೆರಡು ಕೊಳ್ಳಿ ಸಾಕು.

ಪಂಪನ್ನು ಹೊಗೆ ತುಂಬಿದ ಬಚ್ಚಲಲ್ಲಿ ಇಡಬಾರದು. ಮಸಿ ಕಟ್ಟಿದರೆ ಶಾಖ ಹೀರುವ ಶಕ್ತಿ ಕುಗ್ಗುತ್ತದೆ. ಗಾಳಿಯಾಡುವ ಹೊರಜಗಲಿ ಸೂಕ್ತ. ಹಳೆಯ ಮನೆಯ ವೈರಿಂಗ್ ಮತ್ತು ಅರ್ಥಿಂಗ್ ಅನ್ನು ಮೊದಲು ಪರೀಕ್ಷಿಸಬೇಕು.

ಪಂಪಿನ ಬೆಲೆ ಎಲ್ಲರ ಕೈಗೆಟುಕದು. ಅಂಥ ಮನೆಗಳಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ರೂಪಿಸಿದಂಥ, ಹೊಗೆಕೊಳವೆಯುಳ್ಳ ಉರುವಲು ಉಳಿಸುವ ಒಲೆಯೇ ಮೊದಲ ಹೆಜ್ಜೆ. ನಿಮ್ಮ ಮನೆಯ ಹಂಡೆಗೆ ದಿನಕ್ಕೆ ಎಷ್ಟು ಕಟ್ಟಿಗೆ ಬೇಕು? ಒಂದು ವಾರ ತೂಗಿ ಬರೆದಿಡಿ. ಯಾವ ಹೆಜ್ಜೆ ನಿಮಗೆ ಸರಿ ಎಂಬುದನ್ನು ಆ ಲೆಕ್ಕವೇ ಹೇಳುತ್ತದೆ.